ಬಾವಲಿ ದಾಟಿದ ಮೇಲೆ ನೂರು

ಮಾನಂದವಾಡಿಯ ಚರಿತ್ರೆ ಬರೆಯಲು ಕುಳಿತವರೆಲ್ಲ ಪಳಶ್ಶಿರಾಜನ ಸಮಾಧಿಯಿಂದ ತೊಡಗುವುದು ವಾಡಿಕೆ. 1805ರ ನವೆಂಬರ್ 30ರಂದು ಕಂಪೆನಿ ಸೈನ್ಯದೆದುರು ಮಡಿದ ಆ ಅರಸನ ಸಮಾಧಿ ನಮ್ಮ ಊರಿನಲ್ಲೇ ಇರುವಾಗ ಹಾಗೆ ತೊಡಗುವುದು ಸರಿಯೇ. ಅಲ್ಲಿಂದ ಮುಂದೆ ಮಲಬಾರ್ ಜಿಲ್ಲೆ, ಮದರಾಸು ಸರಕಾರ, 1956ರ ರಾಜ್ಯ ವಿಂಗಡಣೆ, 1980ರಲ್ಲಿ ವಯನಾಡು ಜಿಲ್ಲೆಯ ಹುಟ್ಟು ಎಂದು ಬರೆಯುತ್ತ ಹೋಗುತ್ತಾರೆ. ಕನ್ನಡ ಮನೆಮಾತಿನವರ ಚರಿತ್ರೆಯಾದರೆ ಬಸದಿ, ದೇವಸ್ಥಾನ, ಮೈಸೂರು ಸೀಮೆಯಿಂದ ಹಿರಿಯರು ವಲಸೆ ಬಂದ ಕಥೆ, ಮಾತು ಉಳಿಯಿತೇ ಅಳಿಯಿತೇ ಎಂಬ ಚಿಂತೆ. ನಾನೂ ಅಂಥದ್ದನ್ನೇ ಬರೆಯುತ್ತ ಬಂದವನು. ಈ ಸಲ ಮಾತ್ರ ಬೇರೊಂದು ಸಂಗತಿ ಹಿಡಿದಿದ್ದೇನೆ. ನಮ್ಮ ಮನೆಗಳ ಗಂಡಸರು (ಹೆಂಗಸರೂ ಇದ್ದಾರೆ, ಅದನ್ನು ಮುಂದೆ ಹೇಳುತ್ತೇನೆ) ಮೋಟಾರ್ ಸೈಕಲ್ಲಿನ ಮೇಲೆ ಜೀವನದಲ್ಲಿ ಮೊದಲ ಸಲ ಬಹಳ ಜೋರಾಗಿ ಹೋದ ನೆನಪು. ಇದೂ ಒಂದು ಚರಿತ್ರೆಯೇ ಎಂದು ಹುಬ್ಬೇರಿಸುವವರು ಒಂದೆರಡು ಪುಟ ತಾಳ್ಮೆಯಿಂದ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಎರಡು ಮಳೆಗಾಲಗಳಿಂದ, ಮದುವೆ ಮನೆಯಲ್ಲೋ ಸಾವಿನ ಮನೆಯಲ್ಲೋ ಹಿರಿಯರು ಸಿಕ್ಕಾಗಲೆಲ್ಲ ನಾನು ಈ ಪ್ರಶ್ನೆ ಕೇಳುತ್ತ ಬಂದೆ. ಮಾನಂದವಾಡಿ, ಕಾಟ್ಟಿಕುಳಂ, ಪನಮರಂ ಕಡೆಯ ಹತ್ತು ಹನ್ನೆರಡು ಮಂದಿ ಇರಬಹುದು. ಐವತ್ತು ದಾಟಿದವರು ಕೆಲವರು, ಎಂಬತ್ತು ದಾಟಿದವರು ಇಬ್ಬರು. ಕೇಳಿದ ಕೂಡಲೇ ಮುಖ ಅರಳದವರು ಯಾರೂ ಇಲ್ಲ. ಸಕ್ಕರೆ ಕಾಯಿಲೆ, ಮಂಡಿನೋವು, ಕಾಫಿ ರೇಟು, ಎಲ್ಲ ಮಾತೂ ಅಲ್ಲಿಗೇ ನಿಂತು ಹೋಗುತ್ತಿತ್ತು. ಇವರೆಲ್ಲರ ಹೇಳಿಕೆಗಳಲ್ಲಿ ಎರಡು ಸಂಗತಿ ಒಂದೇ ತೆರನಾಗಿದ್ದವು. ಮೊದಲನೆಯದು, ವೇಗ. ಎಲ್ಲರೂ "ನೂರು" ಎಂದರು. ತೊಂಬತ್ತು ಎಂದವರಿಲ್ಲ, ನೂರ ಹತ್ತು ಎಂದವನು ಒಬ್ಬನೇ, ಅವನ ಮಾತಿಗೆ ಅವನ ಹೆಂಡತಿಯೇ ನಕ್ಕಳು. ಎರಡನೆಯದು, ಜಾಗ. ಆ ನೂರು ಮಾನಂದವಾಡಿಯಲ್ಲಿ ಆದದ್ದಲ್ಲ, ವಯನಾಡಿನಲ್ಲೇ ಆದದ್ದಲ್ಲ. ಒಬ್ಬರಾದ ಮೇಲೊಬ್ಬರು ಹೇಳಿದ್ದು ಒಂದೇ: "ಬಾವಲಿ ದಾಟಿದ ಮೇಲೆ."

ಜಾಗದ ಮಾತು ಸುಲಭ. ನಮ್ಮ ರಸ್ತೆಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ತಲಶ್ಶೇರಿ ಕಡೆಗೆ ಹೊರಟರೆ ಪೇರಿಯದ ಘಾಟಿ, ಕೋಝಿಕ್ಕೋಡಿಗೆ ಹೊರಟರೆ ಲಕ್ಕಿಡಿಯಿಂದ ಕೆಳಗೆ ಒಂಬತ್ತು ಹೇರ್‌ಪಿನ್ ತಿರುವು. ಕುಟ್ಟಕ್ಕೆ ಹೋಗುವ ತೋಲ್ಪೆಟ್ಟಿ ದಾರಿಯಲ್ಲಿ ಆನೆಯ ಭಯ. ಉಳಿದ ಕಡೆಯೆಲ್ಲ ಕಾಫಿ ತೋಟದ ನಡುವೆ ಹಾವಿನಂತೆ ಹೊರಳುವ ಕಿರಿದಾದ ದಾರಿಗಳು, ಒಂದು ಜೀಪು ಎದುರಾದರೆ ಇನ್ನೊಂದು ಚರಂಡಿಗೆ ಇಳಿಯಬೇಕು. ಜೂನ್ ತಿಂಗಳಿಂದ ನಾಲ್ಕು ತಿಂಗಳು ಪಾಚಿ ಕಟ್ಟಿದ ಡಾಂಬರು. ಇಂಥಲ್ಲಿ ಮೂರನೆಯ ಗೇರಿನಲ್ಲೇ ಆಯುಷ್ಯ ಕಳೆಯುವುದು ನಮ್ಮ ಊರಿನ ಗಾಡಿಗಳ ಹಣೆಬರಹ. ಆದರೆ ಕಾಟ್ಟಿಕುಳಂನಲ್ಲಿ ಬಲಕ್ಕೆ ತಿರುಗಿ ಬಾವಲಿ ಹೊಳೆ ದಾಟಿದರೆ ನಾಗರಹೊಳೆ ಸೀಮೆಯ ಕಾಡು. ಕಾಡು ಮುಗಿದು ದಮ್ಮನಕಟ್ಟೆ, ಅಂತರಸಂತೆ ಬರುವಷ್ಟರಲ್ಲಿ ಆಕಾಶ ಒಮ್ಮೆಗೇ ಅಗಲವಾಗುತ್ತದೆ. ರಾಗಿ, ಹತ್ತಿ, ಹೊಗೆಸೊಪ್ಪಿನ ಹೊಲಗಳು, ಸಾಲುಮರ, ಕಣ್ಣಿಗೆ ಕಾಣುವ ತನಕ ಬಿಗಿದ ಹಗ್ಗದಂತೆ ನೇರ ದಾರಿ. ಬೆಟ್ಟದಲ್ಲಿ ಹುಟ್ಟಿದವನು ಮೊದಲ ಬಾರಿ ಅಲ್ಲಿ ಗಾಡಿಯ ಮೇಲೆ ಕೂತರೆ ಬಲಗೈ ತಾನಾಗಿಯೇ ತಿರುಗುತ್ತದೆ. ಹೀಗಾಗಿ ನಮ್ಮವರ ಪಾಲಿಗೆ ವೇಗ ಎಂಬುದು ಹೆಗ್ಗಡದೇವನಕೋಟೆ ತಾಲ್ಲೂಕಿನ ವಸ್ತು. ಅಜ್ಜ ಮುತ್ತಜ್ಜಂದಿರು ಬಿಟ್ಟು ಬಂದ ಸೀಮೆಯಲ್ಲಿ ಮೊಮ್ಮಕ್ಕಳು ನೂರು ಹೊಡೆದರು.

ಗಾಡಿಯೂ ಆ ಸೀಮೆಯದೇ. ಜಾವಾ ಎಂಬ ಹೆಸರು ಹುಟ್ಟಿದ್ದು ದೂರದ ಚೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಯಾನೆಚೆಕ್ ಎಂಬ ಕಾರ್ಖಾನೆದಾರ ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು. ಸ್ವಾತಂತ್ರ್ಯದ ನಂತರ ಹೊರದೇಶದ ವಾಹನಗಳ ಆಮದಿಗೆ ಸರಕಾರ ಕಡಿವಾಣ ಹಾಕಿದಾಗ, ಮುಂಬಯಿಯಲ್ಲಿ ಜಾವಾ ಮಾರುತ್ತಿದ್ದ ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತೆರೆದರು. ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರು. 1961ರಿಂದ ಅಲ್ಲಿ ಗಾಡಿಗಳು ಹೊರಬರತೊಡಗಿದವು. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂತು, ಇರಾನಿನ ಯಜ್ದ್ ಪಟ್ಟಣದ ನೆನಪಿಗೆ ಎನ್ನುತ್ತಾರೆ. 1978ರಲ್ಲಿ ರೋಡ್‌ಕಿಂಗ್. ನಮ್ಮ ಕಡೆಯ ಕನ್ನಡದ ಮನೆಗಳಲ್ಲಿ ಬುಲೆಟ್ಟಿಗಿಂತ ಜಾವಾ ಹೆಚ್ಚಾಗಿ ಕಾಣಿಸುತ್ತಿದ್ದುದಕ್ಕೆ ದೊಡ್ಡ ಕಾರಣವೇನೂ ಬೇಡ. ಹೆಣ್ಣು ಕೊಟ್ಟದ್ದು ತಂದದ್ದು ಮೈಸೂರಿನ ಕಡೆ, ಆಸ್ಪತ್ರೆ ಮೈಸೂರು, ಕಾಲೇಜು ಮೈಸೂರು. ಬಿಡಿಭಾಗ ಬೇಕೆಂದರೆ ಭಾವನಿಗೆ ಒಂದು ಕಾಗದ ಬರೆದರೆ ಸಾಕು, ಮರುದಿನದ ಬಸ್ಸಿನಲ್ಲಿ ಕ್ಲಚ್ ಪ್ಲೇಟು ಬರುತ್ತಿತ್ತು.

ನನ್ನ ಚಿಕ್ಕಪ್ಪನದು 1968ರ ಜಾವಾ, ಸೆಕೆಂಡ್ ಹ್ಯಾಂಡ್. ಮೆರೂನ್ ಬಣ್ಣದ ಟ್ಯಾಂಕು, ಎರಡು ಬದಿಗೂ ಸೈಲೆನ್ಸರ್, ಹೆಡ್‌ಲೈಟಿನ ತಲೆಯ ಮೇಲೆ ಸ್ಪೀಡೋಮೀಟರು. ಕಿಕ್ಕರ್ ಹೊಡೆದ ಮೇಲೆ ಅದನ್ನೇ ಮುಂದಕ್ಕೆ ಮಡಚಿದರೆ ಗೇರಿನ ಕಡ್ಡಿ. ಹೊಸಬರಿಗೆ ಇದನ್ನು ತೋರಿಸುವಾಗ ಚಿಕ್ಕಪ್ಪನ ಮುಖದಲ್ಲಿ ಜಾದೂಗಾರನ ಗತ್ತು. ಅವರು ನೂರು ಹೊಡೆದದ್ದು 1971ರಲ್ಲಿ, ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದ ವರ್ಷ. ಬಾವಲಿಯ ಆಚೆ ಆಗ ಮೈಸೂರು ರಾಜ್ಯ, ಕರ್ನಾಟಕ ಎಂಬ ಹೆಸರು ಬರಲು ಇನ್ನೂ ಎರಡು ವರ್ಷವಿತ್ತು. ಮದುವೆಯಾಗಿ ತಿಂಗಳಾಗಿತ್ತು, ಚಿಕ್ಕಮ್ಮನನ್ನು ಹಿಂದೆ ಕೂರಿಸಿಕೊಂಡು ಮಾವನ ಮನೆಗೆ ಹೊರಟಿದ್ದರು. ಅವರ ಮಾತಿನಲ್ಲೇ ಕೇಳಿ:

"ಅಂತರಸಂತೆ ದಾಟಿದೆವು ನೋಡು. ರಸ್ತೇಲಿ ಒಂದು ನರಪಿಳ್ಳೆ ಇಲ್ಲ. ಮುಳ್ಳು ಎಂಬತ್ತು ದಾಟಿತು, ತೊಂಬತ್ತು ದಾಟಿತು. ಗಾಡಿ ನಡುಗೋದು ನಿಂತೇ ಹೋಯ್ತು. ನೀರಿನ ಮೇಲೆ ದೋಣಿ ಹೋದ ಹಾಗೆ. ನೂರರ ಗೆರೆ ಮುಟ್ಟಿತು. ನಾನು ನೋಡಿದೆ, ನನ್ನ ಕಣ್ಣಾರೆ ನೋಡಿದೆ."

ಆಮೇಲೆ ಏನಾಯಿತು ಎಂದು ಕೇಳಿದರೆ, "ಆಮೇಲೇನು, ಹ್ಯಾಂಡ್‌ಪೋಸ್ಟಿನಲ್ಲಿ ಕಾಫಿ ಕುಡಿದೆವು" ಎಂದು ಮುಗಿಸುತ್ತಾರೆ.

ಈ ನೂರನ್ನು ನಂಬಬಹುದೇ? ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನಿಗೆ ಇಂಥ ಕೆಟ್ಟ ಚಾಳಿ ಇರುತ್ತದೆ. ಆ ಜಾವಾದ ಇಂಜಿನ್ 250 ಸಿ.ಸಿ.ಯ ಟೂ ಸ್ಟ್ರೋಕು, ಶಕ್ತಿ ಸುಮಾರು 12 ಅಶ್ವಶಕ್ತಿ. ಒಬ್ಬನೇ ಬಗ್ಗಿ ಕೂತು, ಗಾಳಿ ಎದುರಿಲ್ಲದೆ, ರಸ್ತೆ ಚೆನ್ನಾಗಿದ್ದರೆ ನೂರರ ಹತ್ತಿರ ಹೋಗಬಲ್ಲ ಗಾಡಿ. ಇಬ್ಬರು ಕೂತಿದ್ದಾರೆ, ಬುಟ್ಟಿಯಲ್ಲಿ ಬಾಳೆಗೊನೆ ಇದೆ, ಚಿಕ್ಕಮ್ಮನ ಸೆರಗು ಹಾಯಿಯಂತೆ ಗಾಳಿ ಹಿಡಿದಿದೆ. ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ: ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ರೋಡ್‌ಕಿಂಗಿನ ಶಕ್ತಿ 16ಕ್ಕೆ ಏರಿದರೂ, ಅಂದರೆ ಮೂರರಲ್ಲೊಂದು ಪಾಲು ಹೆಚ್ಚಾದರೂ, ಲೆಕ್ಕದ ಪ್ರಕಾರ ವೇಗ ಹೆಚ್ಚುವುದು ನೂರಕ್ಕೆ ಹತ್ತು ಮಾತ್ರ. ಇದರ ಮೇಲೆ ಸ್ಪೀಡೋಮೀಟರಿನ ಸುಳ್ಳು. ಲೋಕದ ಎಲ್ಲ ಕಾರ್ಖಾನೆಗಳೂ ಮುಳ್ಳು ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವಂತೆಯೇ ಮಾಡುತ್ತವೆ, ಕಡಿಮೆ ತೋರಿಸಿದರೆ ಕಾನೂನಿನ ತೊಡಕು. ಕೇಬಲ್ ಹಳತಾದರೆ ಮುಳ್ಳು ಕುಣಿಯುವುದು ಬೇರೆ. ಕುಣಿಯುವ ಮುಳ್ಳಿನಲ್ಲಿ ಅತಿ ಮೇಲಿನದನ್ನೇ ನಾವು ಓದುವುದು ಮನುಷ್ಯಸ್ವಭಾವ.

ಇದನ್ನು ನಾನು ಸ್ವಂತ ಅನುಭವದಿಂದಲೂ ಬಲ್ಲೆ. 1983ರಲ್ಲಿ ಗೆಳೆಯನೊಬ್ಬನ ರೋಡ್‌ಕಿಂಗಿನಲ್ಲಿ ನಾವಿಬ್ಬರೂ ಅದೇ ದಾರಿಯಲ್ಲಿ ಹೋದೆವು. ನನಗಾಗ ಹತ್ತೊಂಬತ್ತು. ಅವನು ಹಿಂದೆ ಕೂತ, ಗಾಡಿ ನನ್ನ ಕೈಗೆ ಕೊಟ್ಟ. ಮುಳ್ಳು ನೂರು ತೋರಿಸಿತು. ಅವನ ಕೈಯಲ್ಲಿ ಬೆಂಗಳೂರಿನ ಎಚ್‌ಎಂಟಿ ಗಡಿಯಾರ. ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂದು ನೋಡಲು ಹೇಳಿದ್ದೆ. ನೂರು ನಿಜವಾಗಿದ್ದರೆ 36 ಸೆಕೆಂಡು ಆಗಬೇಕಿತ್ತು. ಆದದ್ದು 41. ಅಂದರೆ ಎಂಬತ್ತೆಂಟು. ಹ್ಯಾಂಡ್‌ಪೋಸ್ಟಿನಲ್ಲಿ ಕೂತು ಸಿಗರೇಟ್ ಪೊಟ್ಟಣದ ಮೇಲೆ ಲೆಕ್ಕ ಹಾಕಿ ತೋರಿಸಿದಾಗ ಗೆಳೆಯ ಪೊಟ್ಟಣ ಕಿತ್ತುಕೊಂಡು ಹರಿದು ಹಾಕಿದ. ಊರಿಗೆ ಬಂದು ಇಬ್ಬರೂ ನೂರು ಎಂದೇ ಹೇಳಿದೆವು.

ಹಾಗಾದರೆ ಈ ನೆನಪುಗಳೆಲ್ಲ ಸುಳ್ಳೇ? ಅಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಅಂಕಿ ಮಾತ್ರ ಸುಳ್ಳು, ಉಳಿದದ್ದು ನಿಜ. ನಲವತ್ತು ಐವತ್ತು ವರ್ಷದ ಹಿಂದಿನ ಸವಾರಿಯನ್ನು ಅಳೆಯಬೇಕಾದರೆ ಮುಳ್ಳಿನ ಮಾತು ಬಿಟ್ಟು ಬೇರೆ ಸಾಕ್ಷಿ ಕೇಳಬೇಕು. ಒಬ್ಬರು ಹೇಳಿದರು, ಕಣ್ಣೀರು ಕಿವಿಯ ಕಡೆಗೆ ಹರಿಯಿತು ಎಂದು. ಇನ್ನೊಬ್ಬರಿಗೆ ಒಂದು ಜೇನುಹುಳ ಕೆನ್ನೆಗೆ ಬಡಿದು ಕಲ್ಲೇಟಿನಂತೆ ನೀಲಿಗಟ್ಟಿತ್ತು. ಪನಮರಂ ಕಡೆಯ ಹಿರಿಯರೊಬ್ಬರಿಗೆ ನೆನಪಿರುವುದು ಶಬ್ದ: "ಇಂಜಿನ್ ಶಬ್ದ ಹಿಂದೆ ಉಳಿದುಬಿಟ್ಟಿತು, ಕಿವಿಯಲ್ಲಿ ಗಾಳಿ ಒಂದೇ." ಇಂಥವನ್ನು ಯಾರೂ ಹೊಸೆದು ಹೇಳುವುದಿಲ್ಲ. ಹೊಸೆಯುವವನು ಅಂಕಿಯನ್ನು ಹೊಸೆಯುತ್ತಾನೆ.

ನನ್ನ ಸ್ವಂತ ಸಾಕ್ಷಿ ಬೇರೆಯದೇ. ಅದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ, ಆದರೆ ಈ ವಾರ್ಷಿಕದ ಓದುಗರ ಮುಂದೆ ಹೇಳದೆ ಇನ್ನೆಲ್ಲಿ ಹೇಳಲಿ. ನಾನು ಕಲಿತ ಶಾಲೆಯಲ್ಲಿ ಕನ್ನಡ ಇರಲಿಲ್ಲ. ಮನೆಯಲ್ಲಿ ಆಡುವುದು ಕನ್ನಡ, ಬರೆಯುವುದು ಓದುವುದು ಮಲಯಾಳ. ಅಜ್ಜಿ ಮರಳಿನ ತಟ್ಟೆಯಲ್ಲಿ ತಿದ್ದಿಸಿದ ಅಕ್ಷರಗಳಷ್ಟೇ ನನ್ನ ಬಂಡವಾಳ. ಹತ್ತೊಂಬತ್ತರ ಪ್ರಾಯದಲ್ಲೂ ನಾನು ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದವನು. ಬಾವಲಿ ದಾಟಿದ ಮೇಲೆ ಬೋರ್ಡುಗಳೆಲ್ಲ ಕನ್ನಡ, ಮೈಲಿಗಲ್ಲಿನ ಅಂಕಿಗಳೂ ಕನ್ನಡ. ಗಾಡಿ ನಲವತ್ತರಲ್ಲಿ ಹೋಗುವಾಗ "ಹೆಗ್ಗಡದೇವನಕೋಟೆ" ಎಂಬುದನ್ನು ಪೂರ್ತಿ ಓದಿ ಮುಗಿಸುತ್ತಿದ್ದೆ. ಅರವತ್ತರಲ್ಲಿ "ಹೆಗ್ಗಡ" ಎನ್ನುವಷ್ಟರಲ್ಲಿ ಕಲ್ಲು ಹಿಂದೆ ಹೋಗಿರುತ್ತಿತ್ತು. ಆ ದಿನ ಮುಳ್ಳು ನೂರರಲ್ಲಿದ್ದಾಗ ಕಲ್ಲಿನ ಮೇಲಿನ ಅಂಕಿ ೬ ಇರಬಹುದೋ ೯ ಇರಬಹುದೋ ಎಂದು ಹೊಳೆಯುವ ಮುನ್ನವೇ ಅದು ಮಾಯ. ವೇಗ ಎಂದರೆ ನನ್ನ ನೆನಪಿನಲ್ಲಿ ಗಾಳಿಯಲ್ಲ, ಶಬ್ದವಲ್ಲ, ಓದಿ ಮುಗಿಯದ ಕನ್ನಡ. ಹಿಂದೆ ಕೂತ ಗೆಳೆಯ ಮಲಯಾಳಿ, ಅವನು ಕೂಗಿ ಕೇಳುತ್ತಿದ್ದ, "ಎಂದಾಡಾ ಎಳುದಿಯಿರಿಕ್ಕುನ್ನದ್?" ಏನೋ ಬರೆದಿದೆ ಅಲ್ಲಿ, ಏನದು, ಎಂದು. ನನ್ನ ಮಾತೃಭಾಷೆಯಲ್ಲಿ ಬರೆದದ್ದನ್ನು ಓದಲಾಗಲಿಲ್ಲ ಎಂದು ಅವನಿಗೆ ಹೇಳಲು ಮನಸ್ಸಾಗದೆ "ಜೋರಾಗಿ ಹೋಗುತ್ತಿದ್ದೇವಲ್ಲ" ಎಂದುಬಿಟ್ಟೆ. ಮಾರನೆಯ ವರ್ಷ ಮೈಸೂರಿನಲ್ಲಿ ಒಂದನೆಯ ತರಗತಿಯ ಕನ್ನಡ ಪುಸ್ತಕ ಕೊಂಡು ಮೊದಲಿನಿಂದ ಶುರು ಮಾಡಿದೆ.

ಎಲ್ಲರಿಗಿಂತ ಒಳ್ಳೆಯ ಸಾಕ್ಷಿ ಹಿಂದಿನ ಸೀಟಿನಲ್ಲಿ ಕೂತವರು. ಅವರಿಗೆ ಮುಳ್ಳು ಕಾಣುತ್ತಿರಲಿಲ್ಲ, ಹಾಗಾಗಿ ಅಂಕಿಯ ಮೋಹವಿಲ್ಲ. ನಮ್ಮ ಹೆಂಗಸರನ್ನು ಈ ವಿಷಯದಲ್ಲಿ ಯಾರೂ ಕೇಳಿದ್ದೇ ಇಲ್ಲವಂತೆ. ಚಿಕ್ಕಮ್ಮನನ್ನು ಕೇಳಿದಾಗ ಮೊದಲು ಅಡುಗೆ ಮನೆಯಿಂದಲೇ ನಕ್ಕರು. ಆಮೇಲೆ ಕೈ ಒರೆಸಿಕೊಂಡು ಬಂದು ಕೂತರು. 1971ರ ಅದೇ ಸವಾರಿ, ಆದರೆ ಬೇರೆಯೇ ಕಥೆ.

"ಹೊಸ ಚಪ್ಪಲಿ, ಮದುವೆಗೆ ತೆಗೆದದ್ದು. ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತಿದ್ದೆ. ಗಾಳಿಗೆ ಎಡಗಾಲಿನದು ಜಾರಿ ಬಿತ್ತು. 'ರೀ, ಚಪ್ಪಲಿ' ಅಂತ ಕೂಗಿದೆ. ಇವರಿಗೆ ಕೇಳಿಸಲಿಲ್ಲ. ಬೆನ್ನಿಗೆ ಗುದ್ದಿದೆ. ಖುಷಿಗೆ ಗುದ್ದುತ್ತಾಳೆ ಅಂದುಕೊಂಡು ಇನ್ನೂ ಜೋರು ಮಾಡಿದರು. ನಿಲ್ಲಿಸಿದ್ದು ಎಲ್ಲೋ. ವಾಪಸು ಹೋಗಿ ಹುಡುಕೋಣ ಅಂದರೆ ಮಾವನ ಮನೆಗೆ ಹೊತ್ತಾಯಿತು ಅಂದರು. ತವರುಮನೆಗೆ ಮೊದಲ ಸಲ ಒಂದೇ ಚಪ್ಪಲಿ ಹಾಕಿಕೊಂಡು ಹೋದೆ."

ಚಿಕ್ಕಪ್ಪ ಪಕ್ಕದಲ್ಲೇ ಕೂತಿದ್ದರು. "ಕೂಡಲೇ ನಿಲ್ಲಿಸಿದೆ" ಎಂದರು. ಐವತ್ತು ವರ್ಷಗಳ ವಾದ ಅದು ಎಂದು ಆಗ ನನಗೆ ತಿಳಿಯಿತು.

ಬಾವಲಿಯ ಆಚೆ ಕಲಿತದ್ದನ್ನು ಈಚೆಗೆ ತಂದವರ ಪಾಡು ಹೇಳಬೇಕು. ನೇರ ದಾರಿಯ ಅಭ್ಯಾಸ ಘಾಟಿಯಲ್ಲಿ ನಡೆಯುವುದಿಲ್ಲ. ಟೂ ಸ್ಟ್ರೋಕು ಇಂಜಿನ್ನಿಗೆ ಎಣ್ಣೆ ಹೋಗುವುದು ಪೆಟ್ರೋಲಿನ ಜೊತೆಗೇ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಜೋರಾಗಿ ಇಳಿದರೆ, ಇಂಜಿನ್ ವೇಗವಾಗಿ ತಿರುಗುತ್ತಿರುತ್ತದೆ, ಪೆಟ್ರೋಲೂ ಇಲ್ಲ ಎಣ್ಣೆಯೂ ಇಲ್ಲ. ಪಿಸ್ಟನ್ ಬಿಸಿಯಾಗಿ ಜಾಮ್ ಆದರೆ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ನಿಂತು ಗಾಡಿ ಅಡ್ಡ ಬೀಳುತ್ತದೆ. ನಮ್ಮ ಊರಿನ ವರ್ಕ್‌ಶಾಪಿನ ಇಕ್ಕ ಒಬ್ಬರು ಯಾವ ಹುಡುಗ ಜಾವಾ ತಂದರೂ ಇದನ್ನೇ ಪಾಠ ಹೇಳುತ್ತಿದ್ದರು: ಇಳಿಜಾರಿನಲ್ಲಿ ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರಲಿ, ಆಗಾಗ ಒಂದು ಚೂರು ಆಕ್ಸಿಲರೇಟರ್ ಕೊಡು. "ಮೋನೇ, ಪದುಕ್ಕೆ ಪೋ" ಎಂಬುದು ಅವರು ಎಲ್ಲರಿಗೂ ಹೇಳುತ್ತಿದ್ದ ಮಾತು, ಮಗನೇ ನಿಧಾನ ಹೋಗು ಎಂದು.

1980ರ ದಶಕದ ನಡುವೆ ಗಾಡಿಗಳು ಬದಲಾದವು. ಜಪಾನಿನ ಕಂಪೆನಿಗಳ ಜೊತೆಗೂಡಿ ತಯಾರಾದ ಗಾಡಿಗಳು ಬಂದವು. 1983ರಲ್ಲಿ ರಾಜದೂತ್ 350: ಎರಡು ಸಿಲಿಂಡರು, ಆರು ಗೇರು, ಶಕ್ತಿ 30ಕ್ಕೂ ಮೇಲೆ, ಮುಂದಿನ ಚಕ್ರಕ್ಕೆ ಮಾತ್ರ ಹಳೆಯ ಮಾದರಿಯ ಡ್ರಮ್ ಬ್ರೇಕು. 1985ರಲ್ಲಿ ಯಮಹಾ ಆರ್‌ಎಕ್ಸ್ 100: ನೋಡಲು ಬಡಕಲು, 98 ಸಿ.ಸಿ., 11 ಅಶ್ವಶಕ್ತಿ. ಜಾವಾಕ್ಕೆ ಸರಿಸುಮಾರು ಸಮನಾದ ಶಕ್ತಿ, ಇಂಜಿನ್ ಅದರ ಅರ್ಧಕ್ಕಿಂತ ಚಿಕ್ಕದು, ಗಾಡಿಯೂ ಹಗುರ. ಜಾವಾದಲ್ಲಿ ವೇಗ ನಿಧಾನವಾಗಿ ಮಳೆಗಾಲದ ಹೊಳೆಯಂತೆ ಏರುತ್ತಿತ್ತು, ಇದರಲ್ಲಿ ಕಲ್ಲು ಎಸೆದಂತೆ. ನೂರು ಹೊಡೆಯಲು ಈಗ ಅಂತರಸಂತೆಯ ತನಕ ಹೋಗಬೇಕಾಗಿರಲಿಲ್ಲ, ಎರಡು ತಿರುವುಗಳ ನಡುವೆಯೇ ಎಂಬತ್ತು ಸಿಗುತ್ತಿತ್ತು. ಅದೇ ಅಪಾಯ. 1990ರ ದಶಕದ ಕೊನೆಗೆ ಕರಿಮೆಣಸಿನ ಬೆಲೆ ಕಿಲೋಗೆ 200 ರೂಪಾಯಿ ದಾಟಿದಾಗ ಎಷ್ಟೋ ಮನೆಗಳ ಅಂಗಳದಲ್ಲಿ ಹೊಸ ಗಾಡಿ ಬಂದು ನಿಂತಿತು. ಬೆಲೆ ಬಿದ್ದ ಮೇಲೆ ಸಾಲ ಉಳಿಯಿತು.

1983ರಲ್ಲಿ ನನಗೆ ಗಾಡಿ ಕೊಟ್ಟ ಗೆಳೆಯ 1991ರ ಜುಲೈಯಲ್ಲಿ ಹೋದ. ಯಾವ ಗಾಡಿ ಎಂದು ಬರೆಯುವುದಿಲ್ಲ, ಗಾಡಿಯ ತಪ್ಪಲ್ಲ. ರಸ್ತೆಯ ತಪ್ಪೂ ಅಲ್ಲ. ಮಳೆ ಬಿಟ್ಟ ಸಂಜೆ, ಊರಿನ ಹತ್ತಿರವೇ, ಅವನು ದಿನಕ್ಕೆ ನಾಲ್ಕು ಸಲ ಓಡಾಡುವ ತಿರುವು. ತಲೆಯ ಮೇಲೆ ಏನೂ ಇರಲಿಲ್ಲ. ಸೀಟಿನ ಮೇಲೆ ಹೆಲ್ಮೆಟ್ ಇಲ್ಲದ ಕಾಲವೇನೂ ಅಲ್ಲ ಅದು: 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಜಾರಿಗೆ ಬಂದು ಎರಡು ವರ್ಷವಾಗಿತ್ತು. ಅವನ ಮನೆಯಲ್ಲಿ ಹೆಲ್ಮೆಟ್ ಇತ್ತು, ಅದರಲ್ಲಿ ಅವನ ತಾಯಿ ಬಿತ್ತನೆಯ ಬೀನ್ಸ್ ಹಾಕಿ ಅಟ್ಟದಲ್ಲಿ ಇಟ್ಟಿದ್ದರು. ನಮ್ಮ ಓಣಿಗಳಲ್ಲಿ ಅದನ್ನು ಹಾಕಿಕೊಂಡವನನ್ನು ನಾವೇ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ.

ಆ ಸಾವಿನ ಎಷ್ಟೋ ವರ್ಷಗಳ ನಂತರ ಒಂದು ಸಂಗತಿ ಓದಿದೆ. ಅರೇಬಿಯಾದ ಯುದ್ಧದಲ್ಲಿ ಹೆಸರು ಮಾಡಿದ ಇಂಗ್ಲೆಂಡಿನ ಟಿ. ಇ. ಲಾರೆನ್ಸ್ ವೇಗದ ಹುಚ್ಚಿನವನು. ಬ್ರಫ್ ಸುಪೀರಿಯರ್ ಎಂಬ ದುಬಾರಿ ಗಾಡಿಗಳನ್ನು ಒಂದಾದ ಮೇಲೊಂದು ಕೊಂಡವನು. 1935ರ ಮೇ ತಿಂಗಳಲ್ಲಿ ಮನೆಯ ಹತ್ತಿರವೇ, ಸೈಕಲ್ಲಿನ ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದು, ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ಸತ್ತ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ತಜ್ಞನೊಬ್ಬನಿದ್ದ. ಆತ ಅದನ್ನು ಮರೆಯಲಿಲ್ಲ. ಮೋಟಾರ್ ಸೈಕಲ್ಲಿನಿಂದ ಬಿದ್ದು ತಲೆಗೆ ಪೆಟ್ಟಾದ ಸೈನಿಕರ ವಿವರಗಳನ್ನು ಕಲೆಹಾಕಿ 1941ರಲ್ಲಿ ಪ್ರಕಟಿಸಿದ; ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಾಗರಿಕರಿಗೆ ಕಡ್ಡಾಯವಾಗಲು ಅಲ್ಲಿಯೂ 1973ರ ತನಕ ಕಾಯಬೇಕಾಯಿತು. ಒಬ್ಬನ ಸಾವಿನಿಂದ ಒಬ್ಬ ವೈದ್ಯ ಇಷ್ಟು ಮಾಡಿದ. ನಮ್ಮ ಗೆಳೆಯನ ಸಾವಿನಿಂದ ನಾವು ಮಾಡಿದ್ದು ಇಷ್ಟೇ: ಆ ಗುಂಪಿನಲ್ಲಿ ಐದು ಮಂದಿ ಹೆಲ್ಮೆಟ್ ಹಾಕತೊಡಗಿದೆವು. ಒಬ್ಬ ಗಾಡಿಯನ್ನೇ ಮಾರಿದ.

ಅವನ ಮಾತು ತೆಗೆದಾಗ ಹಿರಿಯರೆಲ್ಲ ಸುಮ್ಮನಾಗುತ್ತಾರೆ. ನೂರರ ಕಥೆಗೂ ಈ ಕಥೆಗೂ ಸಂಬಂಧವಿಲ್ಲ ಎಂಬಂತೆ ಕಾಫಿ ತರಲು ಹೇಳುತ್ತಾರೆ. ಸಂಬಂಧ ಇದೆ. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವವನು ಒಂದು ಸೆಕೆಂಡಿಗೆ 17 ಮೀಟರು ದಾಟುತ್ತಾನೆ, ನೂರರಲ್ಲಿ 28. ಆನೆಯನ್ನೋ ಬಸ್ಸನ್ನೋ ಕಂಡು ಕಾಲು ಬ್ರೇಕಿಗೆ ಹೋಗುವುದರೊಳಗೆ ಕಳೆಯುವ ದೂರ ಅದು. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವಂತೂ ಮೂರು ಪಟ್ಟಿನ ಹತ್ತಿರ. ಬದುಕಿ ಬಂದವರು ನೆನಪು ಹೇಳುತ್ತಾರೆ. ನಾನು ಕೇಳಿದ ನೆನಪುಗಳೆಲ್ಲ ಬದುಕಿ ಬಂದವರದೇ ಎಂಬುದನ್ನು ಲೆಕ್ಕದಲ್ಲಿ ಸೇರಿಸದೆ ಈ ಚರಿತ್ರೆ ಬರೆಯಬಾರದು.

ಈಗ ಆ ದಾರಿಯೂ ಹಳೆಯ ದಾರಿಯಲ್ಲ. 2008ರಿಂದ ಮೈಸೂರು ಮಾನಂದವಾಡಿ ರಸ್ತೆಯ ಕಾಡಿನ ಭಾಗವನ್ನು ಸಂಜೆ 6ರಿಂದ ಬೆಳಿಗ್ಗೆ 6ರ ತನಕ ಮುಚ್ಚುತ್ತಾರೆ. ಬಂಡೀಪುರದ ದಾರಿಗೆ 2009ರಲ್ಲಿ ರಾತ್ರಿ 9ರಿಂದ ನಿಷೇಧ ಬಂತು. ಗಾಡಿಗೆ ಸಿಕ್ಕಿ ಸಾಯುತ್ತಿದ್ದ ಜಿಂಕೆ, ಕಡವೆಗಳನ್ನು ನೆನೆದರೆ ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ರಾತ್ರಿ ಹೆರಿಗೆ ನೋವು ಬಂದರೆ ಮೈಸೂರಿಗೆ ಹೇಗೆ ಹೋಗುವುದು ಎಂದು ಕೇಳುವ ನಮ್ಮ ಮನೆಗಳವರಿಗೂ ಉತ್ತರ ಹೇಳಲಾಗುವುದಿಲ್ಲ. ಒಂದು ವಿಚಿತ್ರ ಮಾತ್ರ ಕಂಡಿದ್ದೇನೆ. ಕಾಡಿನೊಳಗೆ ಹಂಪುಗಳಿರುವುದರಿಂದ ಎಲ್ಲರೂ ನಿಧಾನ. ಆದರೆ ಗೇಟು ಮುಚ್ಚುವುದರೊಳಗೆ ತಲುಪಬೇಕೆಂದು ಮೈಸೂರಿನಿಂದ ತಡವಾಗಿ ಹೊರಟವರು ಹ್ಯಾಂಡ್‌ಪೋಸ್ಟಿನಿಂದ ಈಚೆಗೆ ಓಡಿಸುವ ವೇಗ ನೋಡಬೇಕು. ನಮ್ಮ ಕಾಲದಲ್ಲಿ ಖುಷಿಗೆ ಓಡಿಸಿದ ಅದೇ ದಾರಿಯಲ್ಲಿ ಈಗಿನವರು ಗಡಿಯಾರ ನೋಡಿಕೊಂಡು ಓಡಿಸುತ್ತಾರೆ.

ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ. ಜಾವಾ ಹೆಸರು 2018ರಲ್ಲಿ, ಯೆಜ್ಡಿ 2022ರಲ್ಲಿ ಬೇರೆ ಕಂಪೆನಿಯಿಂದ ಹೊಸ ರೂಪದಲ್ಲಿ ಮತ್ತೆ ಬಂದಿವೆ, ಈಗ ಫೋರ್ ಸ್ಟ್ರೋಕು. ಚಿಕ್ಕಪ್ಪನ ಮೊಮ್ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಅವನಿಗೆ ಹೊಸದು ಬೇಡ. ಅವನ ಬಾಯಲ್ಲಿ ಯಾವಾಗಲೂ ಡಕಾರ್ ರ‍್ಯಾಲಿಯ ಮಾತು: 2015ರಲ್ಲಿ ಅದನ್ನು ಮುಗಿಸಿದ ಮೊದಲ ಭಾರತೀಯ ಬೆಂಗಳೂರಿನ ಸಿ. ಎಸ್. ಸಂತೋಷ್, 2024ರಲ್ಲಿ ರ‍್ಯಾಲಿ 2 ವಿಭಾಗ ಗೆದ್ದದ್ದು ನಮ್ಮ ಶೊರ್ನೂರಿನ ಹರಿತ್ ನೋವಾ. ಆ ಹುಡುಗ ಕಳೆದ ವರ್ಷ ಅಜ್ಜನ ಜಾವಾವನ್ನು ಸೌದೆ ಕೊಟ್ಟಿಗೆಯಿಂದ ಹೊರಗೆಳೆದು, ಆರು ತಿಂಗಳು ಹಣ ಸುರಿದು ಓಡುವಂತೆ ಮಾಡಿದ. ಜನವರಿಯ ಒಂದು ಬೆಳಿಗ್ಗೆ ನಾವೆಲ್ಲ ಬಾವಲಿ ದಾಟಿದೆವು. ಹೆಲ್ಮೆಟ್ ಹಾಕಿಕೊಂಡು ಹುಡುಗ ಜಾವಾದಲ್ಲಿ. ಜೀಪಿನಲ್ಲಿ ನಾನು, ಎಂಬತ್ತೊಂದರ ಚಿಕ್ಕಪ್ಪ, ಚಿಕ್ಕಮ್ಮ.

ಅಂತರಸಂತೆಯ ಆಚೆ ದಾರಿ ಖಾಲಿ ಇದ್ದಾಗ ಅವನು ಮುಳ್ಳನ್ನು ಎಂಬತ್ತಕ್ಕೆ ಏರಿಸಿದ. ಗಾಡಿಯ ಹಿಡಿಕೆಗೆ ಕಟ್ಟಿದ್ದ ಫೋನು ಉಪಗ್ರಹದ ಲೆಕ್ಕದಲ್ಲಿ 69 ತೋರಿಸಿತು. ಗಾಡಿ ನಿಲ್ಲಿಸಿ ಬಂದು ಹೇಳಿದ. ಅದೇ ಪ್ರಮಾಣದಲ್ಲಿ ಹೋದರೆ ನೂರು ಎಂದರೆ ಎಂಬತ್ತಾರು ಎಂದು ನಾನು ಲೆಕ್ಕ ಹೇಳಿದೆ. ಇಂದಿನ ಕೇಬಲ್ಲು ಅಂದಿನದಲ್ಲ, ಟೈರೂ ಅಂದಿನದಲ್ಲ ಎಂದೂ ಸೇರಿಸಿದೆ. ಚಿಕ್ಕಪ್ಪ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದು ಅವತ್ತು ಇತ್ತೇನೋ?"

"ಇರಲಿಲ್ಲ ತಾತ."

"ಮತ್ತೆ?"

ಚಿಕ್ಕಮ್ಮ ಜೀಪಿನಿಂದ ಇಳಿದಿದ್ದರು. ರಸ್ತೆಯ ಬದಿಯ ಒಂದು ಹಳೆಯ ಆಲದ ಮರದ ಬುಡದಲ್ಲಿ ನಿಂತು, ಚಪ್ಪಲಿ ಬಿದ್ದದ್ದು ಇಲ್ಲೇ ಎಂದರು. ಗಾಡಿ ನಿಂತದ್ದು ಆ ಕಡೆ ಕೆರೆ ಏರಿಯ ಹತ್ತಿರ, ಅಲ್ಲಿ ಒಬ್ಬ ಕುರಿ ಕಾಯುವವನು ಇವರ ಬರಿಗಾಲು ನೋಡಿ ನಕ್ಕಿದ್ದನಂತೆ. ಏರಿ ಇಂದಿಗೂ ಇದೆ. ಹುಡುಗ ಫೋನು ಇಸಿದುಕೊಂಡು, ಮರದ ಹತ್ತಿರ ಒಮ್ಮೆ ಒತ್ತಿ, ಗಾಡಿ ಹತ್ತಿ ನಿಧಾನವಾಗಿ ಏರಿಯ ತನಕ ಹೋಗಿ ಬಂದ. ಒಂದು ಕಿಲೋಮೀಟರು, ಮುನ್ನೂರು ಮೀಟರು.

ಚಿಕ್ಕಮ್ಮ ಏನೂ ಹೇಳಲಿಲ್ಲ. ಚಿಕ್ಕಪ್ಪ ಸ್ವಲ್ಪ ಹೊತ್ತು ಜಾವಾದ ಟ್ಯಾಂಕಿನ ಮೇಲೆ ಕೈಯಾಡಿಸುತ್ತ ನಿಂತಿದ್ದರು.

"ಆವಾಗಿನ ಬ್ರೇಕು ಹಂಗೇ ಇತ್ತು" ಎಂದರು.